ಸ್ಟೈರೀನ್ ಶೀಟ್, ಸ್ಟ್ರಿಪ್: ಎವರ್‌ಗ್ರೀನ್, ಪ್ಲಾಸ್ಟ್ರಕ್ಟ್, ತಮಿಯಾ ಮತ್ತು ದೊಡ್ಡ ಹಿಪ್ಸ್ ಹಾಳೆ

ಪ್ಲಾಸ್ಟಿಕ್ ಮಾಡೆಲ್ ಕಿಟ್‌ನಲ್ಲಿ ಇಲ್ಲದ ಭಾಗವನ್ನು ನಾವೇ ಮಾಡಿಕೊಳ್ಳಬೇಕು ಅಂದ್ರೆ ಸ್ಟೈರೀನ್ ಎಂಬ ಬಿಳಿ ಪ್ಲಾಸ್ಟಿಕ್ ಇಲ್ಲದೆ ಆಗುವುದಿಲ್ಲ. ನಾನು ಎವರ್‌ಗ್ರೀನ್, ಪ್ಲಾಸ್ಟ್ರಕ್ಟ್, ತಮಿಯಾ ಮೂರೂ ಕಂಪನಿಗಳದ್ದನ್ನು ಬಳಸಿದ್ದೇನೆ. ನಾಮಫಲಕ ಮಾಡುವವರು ಕೊಳ್ಳುವ, ಸ್ಟೈರೀನಿನದೇ ಒಂದು ಬಗೆಯಾದ ದೊಡ್ಡ ಹಿಪ್ಸ್ ಶೀಟನ್ನೂ ತಂದು ಕತ್ತರಿಸಿ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಹಾಕುವುದಾದರೆ ಸ್ಟ್ರಿಪ್‌ಗೆ, ಅಂದರೆ ತಯಾರಾಗಿಯೇ ಸಿಗುವ ಸಣ್ಣ ಪಟ್ಟಿಗೆ ಹಾಕಿ. ಶೀಟ್ ಎಲ್ಲಿಯದಾದರೂ ನಡೆಯುತ್ತದೆ, ಅದು ನಿಜವಾಗಿ ಸ್ಟೈರೀನ್ ಆಗಿದ್ದರೆ ಸಾಕು.

ಯಾಕೆ ಅಂದ್ರೆ, ಅರ್ಧ ಮಿ.ಮೀ. ದಪ್ಪದ ಶೀಟಿನಿಂದ ಒಂದು ಮಿ.ಮೀ. ಅಗಲದ ಪಟ್ಟಿಯನ್ನು ಸ್ಕೇಲ್ ಇಟ್ಟು ಚಾಕುವಿನಲ್ಲಿ ಕತ್ತರಿಸಿ ನೋಡಿ. ಬ್ಲೇಡ್ ಹೋದ ಕಡೆ ಪ್ಲಾಸ್ಟಿಕ್ ಉಬ್ಬಿ ಸಣ್ಣ ಏರು ಬರುತ್ತದೆ, ಪಟ್ಟಿ ಸುರುಳಿಯಾಗಿ ಬಳುಕುತ್ತದೆ, ಅಂಚು ನೆಟ್ಟಗೆ ಇರದೆ ಒಂದು ಕಡೆ ಓರೆಯಾಗುತ್ತದೆ. ಒಂದೆರಡು ತುಂಡಾದರೆ ಉಪ್ಪು ಕಾಗದದಲ್ಲಿ ಉಜ್ಜಿ ಸರಿಮಾಡಬಹುದು. ಆದರೆ ಒಂದೇ ಅಳತೆಯ ನಲವತ್ತು ಪಟ್ಟಿ ಸಾಲಾಗಿ ಅಂಟಿಸಬೇಕಾದಾಗ, ಉದಾಹರಣೆಗೆ ರೈಲು ಬೋಗಿಯ ಪಕ್ಕದ ಕಂಬಿಗಳು, ಒಂದು ಪಟ್ಟಿ ಕೂದಲೆಳೆಯಷ್ಟು ದಪ್ಪ ಇದ್ದರೂ ಬಣ್ಣ ಹೊಡೆದ ಮೇಲೆ ಎದ್ದು ಕಾಣುತ್ತದೆ.

ಇಲ್ಲಿ ಎವರ್‌ಗ್ರೀನ್‌ಗೆ ನನ್ನ ಮೊದಲ ಮತ. ಸ್ಟ್ರಿಪ್ 14 ಇಂಚು ಉದ್ದ, ಅಂಚು ಚೌಕ, ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಅಳತೆ ತಾಳೆಯಾಗುತ್ತದೆ. ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟು ನೋಡಿದರೆ ಬರೆದದ್ದೇ ಬರುತ್ತದೆ. ಅವರ ಕೊಳವೆಗಳೂ ಚೆನ್ನ, ಪಕ್ಕದ ಅಳತೆಯದು ಒಂದರೊಳಗೊಂದು ಜಾರಿ ಕೂರುತ್ತದೆ, ಹಾಗಾಗಿ ಫಿರಂಗಿ ನಳಿಗೆ, ಹೈಡ್ರಾಲಿಕ್ ಪಿಸ್ಟನ್‌ಗೆ ಬೇರೆ ಏನೂ ಹುಡುಕಬೇಕಾಗಿಲ್ಲ. ಒಂದು ವಿಷಯ ಗಮನಿಸಿ. ಕೆಲವು ಪೊಟ್ಟಣ ಎಚ್‌ಓ, ಅಂದರೆ 1:87 (ನಿಜವಾದದ್ದರ 87ರಲ್ಲಿ ಒಂದು ಪಾಲು) ಗಾತ್ರದ ರೈಲು ಮಾಡೆಲ್ ಕಟ್ಟುವವರಿಗಾಗಿ ಇರುತ್ತದೆ. ಅದರ ಮೇಲಿನ ಅಳತೆ ನಿಜವಾದ ಮರದ ತುಂಡಿನದು, ಕೈಯಲ್ಲಿರುವ ಪ್ಲಾಸ್ಟಿಕ್ಕಿನದಲ್ಲ. 1:35 ಅಥವಾ 1:72 ಕಟ್ಟುವವರು ಇಂಚು, ಮಿ.ಮೀ. ಬರೆದಿರುವ ಸಾದಾ ಪೊಟ್ಟಣವನ್ನೇ ನೋಡಿ ತಗೊಳ್ಳಿ.

ಪ್ಲಾಸ್ಟ್ರಕ್ಟ್‌ನ ಬಲ ಬೇರೆ. ಐ-ಬೀಮ್, ಚಾನೆಲ್, ಆಂಗಲ್, ಏಣಿ, ಮೆಟ್ಟಿಲು, ಕೈಕಂಬಿ, ಟ್ರಸ್ ಎಲ್ಲ ಸಿಗುತ್ತದೆ. ಕಾರ್ಖಾನೆ, ಸೇತುವೆ, ಹಡಗಿನ ಡೆಕ್ ಮಾಡುವವರಿಗೆ ಇದೇ ಸರಿ. ಆದರೆ ಅವರ ಬೂದು ಬಣ್ಣದ ಭಾಗಗಳು ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್, ಬಿಳಿಯವು ಸ್ಟೈರೀನ್. ಇದು ಸಣ್ಣ ವಿಷಯ ಅಲ್ಲ. ಕಿತ್ತಳೆ ವಾಸನೆಯ ಲಿಮೊನೀನ್ ಅಂಟು ಸ್ಟೈರೀನನ್ನು ಚೆನ್ನಾಗಿ ಹಿಡಿಯುತ್ತದೆ, ಎಬಿಎಸ್ ಮೇಲೆ ಸುಮ್ನೆ ಒದ್ದೆಯಾಗಿ ಕೂರುತ್ತದೆ. ಎಬಿಎಸ್‌ಗೆ ಅದಕ್ಕೆಂದೇ ಮಾಡಿದ ಕಟು ಅಂಟು ಬೇಕು, ಹಚ್ಚುವಾಗ ಕಿಟಕಿ ತೆರೆದಿರಲಿ.

ತಮಿಯಾ ಪ್ಲಾಪ್ಲೇಟ್ ಶೀಟ್ ನನಗೆ ತುಂಬಾ ಇಷ್ಟ. ಬಿ4 ಗಾತ್ರ, ಅಳತೆ ಮಿ.ಮೀ.ನಲ್ಲೇ, 0.3, 0.5, 1.0, 1.2 ಹೀಗೆ. ಚಾಕುವಿನಲ್ಲಿ ಗೆರೆ ಎಳೆದು ಬಗ್ಗಿಸಿದರೆ ಟಕ್ ಅಂತ ನೇರವಾಗಿ ಮುರಿಯುತ್ತದೆ. ಎವರ್‌ಗ್ರೀನ್ ಶೀಟ್ ಸಾಮಾನ್ಯವಾಗಿ 6 ಇಂಚು 12 ಇಂಚಿನದು, ದೊಡ್ಡ ಗೋಡೆಗೆ ಸಾಲುವುದಿಲ್ಲ. ಆದರೆ ತೆಳು ಶೀಟ್ ಬೇಕಾದರೆ ನಾನು ಅದಕ್ಕೇ ಹೋಗುತ್ತೇನೆ, 0.13 ಮಿ.ಮೀ.ವರೆಗೂ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ನಿಜವಾದ 3 ಮಿ.ಮೀ. ತಗಡು 1:35ರಲ್ಲಿ 0.09 ಮಿ.ಮೀ. ಆಗುತ್ತದೆ. ಅರ್ಧ ಮಿ.ಮೀ. ಶೀಟಿನಲ್ಲಿ ಮಡ್‌ಗಾರ್ಡ್ ಮಾಡಿದರೆ ಅದು ಹದಿನೇಳೂವರೆ ಮಿ.ಮೀ. ದಪ್ಪದ ತಗಡಿನ ಹಾಗೆ ಕಾಣುತ್ತದೆ, ಅಲ್ವಾ? ತೆಳು ಶೀಟಿಗೆ ಅಂಟು ಮಾತ್ರ ಕುಂಚದ ತುದಿಯಲ್ಲಿ ಸ್ವಲ್ಪವೇ ಹಚ್ಚಬೇಕು, ಜಾಸ್ತಿ ಆದರೆ ಕರಗಿ ಸುಕ್ಕಾಗುತ್ತದೆ.

ಇನ್ನು ಹಿಪ್ಸ್. ಇದು ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್, ಅಂದರೆ ಸ್ಟೈರೀನ್ ಒಳಗೆ ಸ್ವಲ್ಪ ರಬ್ಬರ್ ಸೇರಿರುತ್ತದೆ. ಸುಲಭಕ್ಕೆ ಸೀಳುವುದಿಲ್ಲ, ಸ್ಟೈರೀನಿಗೆ ಹಾಕುವ ಮಾಡೆಲ್ ಅಂಟೇ ಇದನ್ನೂ ಹಿಡಿಯುತ್ತದೆ, ಒಂದು ದೊಡ್ಡ ಹಾಳೆಯಿಂದ ಎಷ್ಟೋ ಮಾಡೆಲ್‌ಗಾಗುವಷ್ಟು ತುಂಡು ಬರುತ್ತದೆ. ಕಟ್ಟಡದ ಗೋಡೆ, ಡಯೋರಾಮಾ (ಮಾಡೆಲ್ ಇಡುವ ಪುಟ್ಟ ದೃಶ್ಯ) ತಳ, ಒಳಗಿನ ಚೌಕಟ್ಟು ಎಲ್ಲ ನಾನು ಇದರಲ್ಲೇ ಮಾಡುತ್ತೇನೆ. ಉಜ್ಜಿದಾಗ ಅಂಚಿನಲ್ಲಿ ಸ್ವಲ್ಪ ನಾರು ಏಳುತ್ತದೆ, ಹಾಳೆಯ ದಪ್ಪ ಉದ್ದಕ್ಕೂ ಒಂದೇ ಸಮ ಇರುತ್ತದೆ ಅಂತ ನಂಬುವ ಹಾಗಿಲ್ಲ. ಹೊರಗೆ ಕಾಣುವ ಸಣ್ಣ ಕೆಲಸಕ್ಕೆ ಬೇಡ. ದಪ್ಪ ಬೇಕಾದರೆ ದಪ್ಪ ಹಾಳೆಯನ್ನೇ ತಗೊಳ್ಳಿ. ಎರಡು ಅಗಲ ಹಾಳೆಗಳನ್ನು ಅಂಟಿಸಿದರೆ ನಡುವೆ ಸಿಕ್ಕಿಕೊಂಡ ಅಂಟಿನ ದ್ರಾವಕ ಆರಲು ಜಾಗ ಇಲ್ಲದೆ ವಾರಗಳ ನಂತರ ಗೋಡೆ ಸೊಟ್ಟಗಾಗುತ್ತದೆ. ಅಂಟಿಸಲೇಬೇಕಾದರೆ ಹಿಂದಿನ ಹಾಳೆಗೆ ಅಲ್ಲಲ್ಲಿ ಸಣ್ಣ ತೂತು ಕೊರೆಯಿರಿ.

ದೊಡ್ಡ ಹಾಳೆ ಕೊಳ್ಳುವಾಗ ಇರುವ ಅಪಾಯ ಒಂದೇ. ನೋಡಲು ಹೀಗೇ ಬಿಳಿಯಾಗಿರುವ ಪಿವಿಸಿ, ಪಾಲಿಪ್ರೊಪಿಲೀನ್ ಕೂಡ ಅದೇ ಕಪಾಟಿನಲ್ಲಿ ಇರುತ್ತದೆ. ಮೂಲೆಯ ಒಂದು ಚೂರು ಕೇಳಿ ಪಡೆದು ಮಾಡೆಲ್ ಅಂಟಿನ ಹನಿ ಹಾಕಿ, ಸ್ಟೈರೀನ್ ಆದರೆ ಕೆಲವೇ ಕ್ಷಣದಲ್ಲಿ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಅಂಟು ಕೈಯಲ್ಲಿಲ್ಲದಿದ್ದರೆ ನೀರು, ಉಪ್ಪು ಸಾಕು. ಪಾಲಿಪ್ರೊಪಿಲೀನ್ ಸಾದಾ ನೀರಿನಲ್ಲೇ ತೇಲುತ್ತದೆ. ಸ್ಟೈರೀನ್ ಮುಳುಗುತ್ತದೆ, ಆದರೆ ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿ ಕದಡಿದರೆ ಮೇಲೆ ಬರುತ್ತದೆ. ಗಟ್ಟಿ ಪಿವಿಸಿ ಆಗಲೂ ತಳದಲ್ಲೇ ಇರುತ್ತದೆ. ಚೂರಿಗೆ ಗಾಳಿಗುಳ್ಳೆ ಅಂಟಿರದಂತೆ ಬೆರಳಲ್ಲಿ ಒರೆಸಿಬಿಡಿ, ಇಲ್ಲದಿದ್ದರೆ ಪರೀಕ್ಷೆ ತಪ್ಪು ಹೇಳುತ್ತದೆ.