ಗುಪ್ಪೆ, ದಿನ್ನೆ, ತಗ್ಗು: ನಮ್ಮ ಹೊಲದ ಗಾಲ್ಫ್ ಜಾಗದಲ್ಲಿ ಯಾವುದು ಉಳಿಯಿತು

ಧಾರವಾಡದಿಂದ ಕಲಘಟಗಿ ಕಡೆ ಇರುವ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕೃಷಿ ಹೊಂಡ ತೋಡಿಸಿದಾಗ ಸುಮಾರು 50 ಬ್ರಾಸ್ ಮಣ್ಣು (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಮೇಲೆ ಬಿತ್ತು. ನಾನು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ 11 ವರ್ಷ ಹುಲ್ಲು ನೋಡಿಕೊಂಡು ಊರಿಗೆ ಬಂದವನು. ಆ ರಾಶಿ ನೋಡಿ ಸುಮ್ಮನಿರಲಾಗಲಿಲ್ಲ. ಒಂದೂವರೆ ಎಕರೆಯಲ್ಲಿ ಮೂರು ಗ್ರೀನ್ (ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಜಾಗ) ಮಾಡಿ, ಒಂದರ ಪಕ್ಕ ಎತ್ತರದ ಗುಪ್ಪೆ, ಇನ್ನೊಂದರ ಪಕ್ಕ ಉದ್ದನೆಯ ದಿನ್ನೆ, ಮೂರನೆಯದಕ್ಕೆ ಬರೀ ತಗ್ಗು ಕೊಟ್ಟೆ. ಎರಡು ಮಳೆಗಾಲ ದಾಟಿವೆ.

ಗುಪ್ಪೆ ಮಾಡುವುದು ಸಲೀಸು. ಐದಡಿ ಎತ್ತರ, ಬುಡದಲ್ಲಿ ಹದಿನಾರಡಿ ಅಗಲದ ಮೂರು ಗುಪ್ಪೆಗಳನ್ನು ಜೆಸಿಬಿಯವ ಅರ್ಧ ದಿನದಲ್ಲಿ ಎಬ್ಬಿಸಿ ಕೊಟ್ಟ. ಒಂದಕ್ಕೆ ಮೂರೂವರೆ ಬ್ರಾಸ್ ಸಾಕು. ಆದರೆ ಪಕ್ಕದ ಹೊಲದ ಕಾಕಾ ಬಂದು ನಿಂತು, ‘ಯಾರನ್ನ ಹುಗದೀಪಾ ಇಲ್ಲೆ?’ ಅಂದ. ನೋಡಲಿಕ್ಕೆ ಹಾಗೇ ಇತ್ತು. ಅಮೆರಿಕದಲ್ಲಿ ಪೀಟ್ ಡೈ ರೂಪಿಸಿದ, 1980ರಲ್ಲಿ ತೆರೆದ ಸಾಗ್ರಾಸ್ ಮೈದಾನದಲ್ಲಿ ದಿಬ್ಬಗಳಿಗೆ ಒಂದು ಕೆಲಸವಿತ್ತು: ಸಾವಿರಾರು ಜನ ಅವುಗಳ ಮೇಲೆ ಕುಳಿತು ಆಟ ನೋಡಬೇಕು. ನನ್ನ ಗುಪ್ಪೆ ಏರಿ ಕೂರುತ್ತಿದ್ದದ್ದು ಗೊರವಂಕ ಮಾತ್ರ.

ಮಿರಗದ ಮಳೆ ಹೊಡೆದಾಗ ಅಸಲು ತೊಂದರೆ ಶುರುವಾಯಿತು. ನೀರು ಸರ್ರನೆ ಜಾರಿ ಬುಡಕ್ಕೆ ಇಳಿಯಿತು. ನೆತ್ತಿಯ ಕರಕಿ ಒಣಗಿತು, ಬುಡದ್ದು ಮೊಣಕಾಲಿಗೆ ಬಂತು. (ಕರಕಿ ಅಂದರೆ ನಮ್ಮ ಬದುವಿನದೇ, ಗಾಲ್ಫಿನವರು ಅದನ್ನೇ ಬರ್ಮುಡಾ ಅಂತಾರೆ.) ಇಳಿಜಾರು ಮೂರಡಿಗೆ ಒಂದಡಿಗಿಂತ ಕಡಿದಾದರೆ ಹುಲ್ಲು ಕತ್ತರಿಸುವ ಮಷೀನು ತಳ್ಳಬಾರದು. ಇಲ್ಲಿ ಅದಕ್ಕಿಂತ ಕಡಿದು, ಹಾಗಾಗಿ ಕುಡಗೋಲೇ ಗತಿ. ಆಟದಲ್ಲೂ ನ್ಯಾಯವಿಲ್ಲ. ಗುಪ್ಪೆಗೆ ತಾಗಿದ ಚೆಂಡು ಎತ್ತ ಸಿಡಿಯುತ್ತದೋ ಶಿವನಿಗೇ ಗೊತ್ತು.

ದಿನ್ನೆ ಮಣ್ಣು ತಿನ್ನುತ್ತದೆ. ಅರವತ್ತಡಿ ಉದ್ದ, ಮೂರೇ ಅಡಿ ಎತ್ತರ, ಐದಡಿಗೆ ಒಂದಡಿ ಏರು. ಇಷ್ಟಕ್ಕೆ 20 ಬ್ರಾಸ್ ದಾಟಿತು. ಎತ್ತರಕ್ಕಿಂತ ಅದರ ಅಂಚಿಗೇ ಹೆಚ್ಚು ದುಡಿದೆ. ದಿನ್ನೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಕಾಲಿಗೂ ತಿಳಿಯಬಾರದು. ಅದಕ್ಕೆ ಎರಡು ದಿನ ಕುಂಟಿ ಹೊಡೆಸಿದೆ. ಈಗ ಚೆಂಡನ್ನು ಬೇಕೆಂದೇ ದಿನ್ನೆಯ ಮೇಲಕ್ಕೆ ಕಳಿಸಿದರೆ ನಿಧಾನಕ್ಕೆ ಗ್ರೀನಿಗೆ ಹೊರಳಿ ಬರುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೇ ಮೈದಾನದ ಏರುತಗ್ಗುಗಳು ಸಮುದ್ರದ ಗಾಳಿ ಮರಳು ತೂರಿ ಆದಂಥವು. ಅದನ್ನು ಜೆಸಿಬಿಯಿಂದ ನಕಲು ಮಾಡುವಾಗ ಅಂಚಿನಲ್ಲೇ ಕಳ್ಳತನ ಸಿಕ್ಕಿಬೀಳುವುದು.

ಆದರೂ ಮೊದಲ ವರ್ಷ ಎಡವಿದೆ. ದಿನ್ನೆಯನ್ನು ಇಳಿಜಾರಿಗೆ ಅಡ್ಡ ಹಾಕಿದ್ದೆ, ಗ್ರೀನ್ ಮೇಲೆ ಎರಡು ದಿನ ನೀರು ನಿಂತಿತು. ಅಪ್ಪ ನಕ್ಕ: ‘ಒಡ್ಡ ಹಾಕೀದಿ, ನೀರ ನಿಂತೈತಿ. ಅದರ ಕೆಲಸ ಅದು ಮಾಡೇತಿ.’ ಜೀವಮಾನವಿಡೀ ನೀರು ಹಿಡಿಯಲಿಕ್ಕೆ ಒಡ್ಡು ಹಾಕಿದ ಮನೆತನ ನಮ್ಮದು. ನೀರು ಬಿಡುವ ದಿನ್ನೆ ನನ್ನ ಕೈಗೆ ಬರಲಿಲ್ಲ. ಕೊನೆಗೆ ನಡುವೆ ತಗ್ಗಿಸಿ ದಾರಿ ಮಾಡಿದೆ.

ಮೂರನೆಯದಾದ ತಗ್ಗಿಗೆ ಹೇಳಿಕೊಳ್ಳುವಂಥ ರೂಪವೇ ಇಲ್ಲ. ಇಪ್ಪತ್ತೈದಡಿ ಅಗಲ, ಎರಡಡಿ ಆಳ. ರಸ್ತೆಯಲ್ಲಿ ನಿಂತರೆ ಕಾಣುವುದೂ ಇಲ್ಲ. ಆದರೆ ಗ್ರೀನ್ ತಪ್ಪಿದ ಚೆಂಡು ಉರುಳಿ ಅಲ್ಲಿಗೇ ಬಂದು ಕೂರುತ್ತದೆ. ಆಗ ನೆಲದಲ್ಲೇ ತಳ್ಳಬೇಕೋ, ಸ್ವಲ್ಪ ಎತ್ತಿ ಚಿಪ್ ಮಾಡಬೇಕೋ, ಪೂರ್ತಿ ಎತ್ತಿ ಹಾಕಬೇಕೋ ಎಂದು ಅಳಿಯ ಹತ್ತು ನಿಮಿಷ ತಲೆ ಕೆರೆದುಕೊಳ್ಳುತ್ತಾನೆ. ನನಗೆ ಬೇಕಾದದ್ದೂ ಅದೇ. ಇಲ್ಲಿ ತೆಗೆದ ಮಣ್ಣು ದಿನ್ನೆಗೆ ಹೋಯಿತು, ಅದು ಮೇಲಿನ ಲಾಭ. ಕೊರತೆ ಒಂದೇ: ಕೊಳವೆ ಇಲ್ಲದಿದ್ದರೆ ಚಿತ್ತಿ ಮಳೆಗೆ ಅದು ಕಪ್ಪೆಗಳ ಸಂಸ್ಥಾನ. ತೂತಿನ ಪೈಪು ಹೂಳಿ, ಸುತ್ತ ಖಡಿ ತುಂಬಿ, ಹೊಂಡಕ್ಕೆ ಬಿಟ್ಟ ಮೇಲೆ ಸರಿಹೋಯಿತು. ಮೂರರಲ್ಲಿ ನನ್ನ ಓಟು ಇದಕ್ಕೇ.

ಎರಿ (ಕಪ್ಪು ಮಣ್ಣಿನ) ಹೊಲದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಣ್ಣಿಗೇರಿಯ ಮಾವನ ಹೊಲದಲ್ಲೂ ಒಂದು ದಿನ್ನೆ ಹಾಕಿ ನೋಡಿದೆ. ಮಳೆಗೆ ಉಬ್ಬಿತು, ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿತು. ಒಂದು ಚೆಂಡು ಒಳಗೆ ಇಳಿದದ್ದು ಇನ್ನೂ ಸಿಕ್ಕಿಲ್ಲ. ತಗ್ಗು ತೆಗೆದರೆ ನೀರು ಇಂಗುವುದೂ ಇಲ್ಲ. ಅಲ್ಲಿ ಸಮನೆಲವೇ ಚೆಂದ.

ಎರಡು ಗುಪ್ಪೆಗಳನ್ನು ಈ ಬೇಸಿಗೆಯಲ್ಲಿ ಕೆಡವಿ ದಿನ್ನೆಗೆ ಸೇರಿಸಿದೆ. ಮೂರನೆಯದನ್ನು ಮುಟ್ಟಲು ಬಿಡಲಿಲ್ಲ, ಅವ್ವ ಅದರ ಮೇಲೆ ಕುಂಬಳ ಹಚ್ಚಿದ್ದಾಳೆ. ಚೆಂಡು ಬಳ್ಳಿಯೊಳಗೆ ಹೋದರೆ ದಂಡವಿಲ್ಲದೆ ಹೊರಗಿಟ್ಟು ಹೊಡೆಯಬಹುದು, ಹೂವು ತುಳಿಯುವಂತಿಲ್ಲ.