ಮೆಕ್ಕೆಜೋಳದ ಚೀಲ, ಟೈಸನ್ ತಲೆ

ಫೋಟೋದಲ್ಲಿ ಹೊಟ್ಟೆ ತುಂಬಿಕೊಂಡು ಗುಂಡಗೆ ಕಾಣುತ್ತಿದ್ದ ಚೀಲ, ಮನೆಗೆ ಬಂದಾಗ ಚಪಾತಿ ಥರ ಚಪ್ಪಟೆಯಾಗಿತ್ತು. ಒಂದು ಕ್ಯಾನ್ವಾಸ್ ಚೀಲ, ಒಂದು ಹಗ್ಗ, ಒಂದು ಕೊಕ್ಕೆ. 549 ರೂಪಾಯಿ. ಮಾರಿದವರಿಗೆ ಫೋನ್ ಮಾಡಿದರೆ "ಫಿಲ್ಲಿಂಗ್ ನೀವೇ ಮಾಡ್ಕೋಬೇಕು ಸರ್" ಅಂದರು. ಅದನ್ನು ಫೋಟೋ ಕೆಳಗೆ ಬರೆಯೋಕೆ ಏನಾಗಿತ್ತು?

ಇದು ಸ್ಲಿಪ್ ಬ್ಯಾಗ್. ಬಾಕ್ಸಿಂಗ್ ಕಲಿಯುವವರು ಬಳಸುವುದು. ಗುದ್ದೋಕಲ್ಲ, ತಪ್ಪಿಸಿಕೊಳ್ಳೋಕೆ. ಮೂಗಿನ ಎತ್ತರಕ್ಕೆ ನೇತುಹಾಕಿ ಒಮ್ಮೆ ದೂಡಬೇಕು. ಅದು ಗಡಿಯಾರದ ಲೋಲಕದ ಹಾಗೆ ಹೋಗಿ ಬರುತ್ತೆ. ಬಂದಾಗ ತಲೆ ಅಲ್ಲಿರಬಾರದು, ಅಷ್ಟೇ. ಒಳಗೆ ಏನು ತುಂಬೋದು ಅಂತ ಹುಡುಕಿದಾಗ ನಗು ಬಂತು. ಇದಕ್ಕೆ ಇನ್ನೊಂದು ಹೆಸರು ಮೇಜ್ ಬ್ಯಾಗ್, ಅಂದರೆ ಮೆಕ್ಕೆಜೋಳದ ಚೀಲ. ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ ಇಟ್ಟವನು! ತೇವ ನೋಡಿ, ಚೆನ್ನಾಗಿ ಒಣಗಿದ ಕಾಳು ತಂದು ತುಂಬಿದೆ. ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು.

ನಲವತ್ತೇಳು ವಯಸ್ಸಿಗೆ ಇದೆಲ್ಲ ಯಾಕೆ ಅಂತ ಮನೆಯವಳೂ ಕೇಳಿದಳು. ಶುಗರ್ ಅಂದೆ. ಅದು ಅರ್ಧ ನಿಜ. ಇನ್ನರ್ಧ ಅಮೆರಿಕದ ಬಾಕ್ಸರ್ ಮೈಕ್ ಟೈಸನ್. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಟೈಸನ್ ಸೋತ ಸುದ್ದಿ ಪೇಪರಿನಲ್ಲಿ ಬಂದಾಗ ನನಗೆ ಹನ್ನೆರಡು. ಅವನು ಯಾರು ಅಂತ ಗೊತ್ತಾಗಿದ್ದೇ ಅವತ್ತು. ಆಮೇಲೆ ಅವನ ಒಂದೊಂದೇ ಹಳೇ ಫೈಟ್ ನೋಡಿ ಮುಗಿಸಿದೆ.

ಎಲ್ಲರೂ ಅವನ ಗುದ್ದಿನ ಬಗ್ಗೆಯೇ ಮಾತಾಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ಚೀಲ ಮೊದಲ ದಿನವೇ ಮೂಗಿಗೆ ಬಾರಿಸಿ ಬುದ್ಧಿ ಹೇಳಿತು. ಟೈಸನ್ ಎತ್ತರ 5 ಅಡಿ 10 ಇಂಚು. ಹೆವಿವೇಟ್‌ಗೆ, ಅಂದರೆ ಭಾರೀ ತೂಕದವರ ವಿಭಾಗಕ್ಕೆ, ಇದು ಕಡಿಮೆ. ಅವನ ಎದುರಾಳಿ ಟೋನಿ ಟಕರ್ 6 ಅಡಿ 5 ಇಂಚು. ಅಂಥವರ ಕೈ ದೂರದಿಂದಲೇ ಮುಖಕ್ಕೆ ತಾಗುತ್ತೆ. ಟೈಸನ್ ಹೊಡೆಯಬೇಕಾದರೆ ಮೊದಲು ಆ ಕೈಗಳನ್ನು ದಾಟಿ ಒಳಗೆ ನುಗ್ಗಬೇಕು. ಅದಕ್ಕೇ ಅವನ ಗುರು ಕಸ್ ಡಿಅಮಾಟೊ ಕಲಿಸಿದ್ದು ಪೀಕಬೂ ಶೈಲಿ. ಮಗುವನ್ನು ನಗಿಸೋಕೆ ಕೈಯಲ್ಲಿ ಮುಖ ಮುಚ್ಚಿ ಇಣುಕುತ್ತೀವಲ್ಲ, ಹಾಗೆ. ಎರಡೂ ಮುಷ್ಟಿ ಕೆನ್ನೆಗೆ, ಮೊಣಕೈ ಪಕ್ಕೆಗೆ, ತಲೆ ಒಂದು ಕ್ಷಣವೂ ನಿಲ್ಲಬಾರದು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಅನ್ನೋ ಊರಲ್ಲಿ, ಪೊಲೀಸ್ ಸ್ಟೇಷನ್ ಮೇಲಿನ ಜಿಮ್‌ನಲ್ಲಿ ಇದೇ ಥರದ ಚೀಲದ ಮುಂದೆ ಹುಡುಗ ಟೈಸನ್ ತೂಗಾಡುತ್ತಿದ್ದ.

ಒಂದು ವಾರ ಆಡಿದ ಮೇಲೆ ನನಗೆ ಕತ್ತು ನೋಯಲಿಲ್ಲ, ತೊಡೆ ನೋಯಿತು. ಮೆಟ್ಟಿಲು ಇಳಿಯೋಕೆ ಆಗುತ್ತಿರಲಿಲ್ಲ. ಆಗ ಗೊತ್ತಾಯಿತು, ತಲೆ ಸರಿಸೋದು ಕತ್ತಿನಿಂದ ಅಲ್ಲ. ಮಂಡಿ ಬಗ್ಗಿಸಿ, ಸೊಂಟ ತಿರುಗಿಸಿ, ಚೀಲದ ಅಡಿಯಿಂದ ಈ ಪಕ್ಕದಿಂದ ಆ ಪಕ್ಕಕ್ಕೆ ಏಳಬೇಕು. ಹಾಗೆ ಎದ್ದಾಗ ಮೈಭಾರ ಪೂರ್ತಿ ಒಂದು ಕಾಲಿನ ಮೇಲಿರುತ್ತೆ. ಅಲ್ಲಿಂದ ಕೈ ಬಿಟ್ಟರೆ ಭಾರವೂ ಜೊತೆಗೇ ಹೋಗುತ್ತೆ. ಬಲಗೈಯಲ್ಲಿ ಪಕ್ಕೆಗೊಂದು, ಅದೇ ಕೈಯಲ್ಲಿ ಗದ್ದದ ಕೆಳಗಿನಿಂದ ಇನ್ನೊಂದು. ಟೈಸನ್‌ನ ಆ ಜೋಡಿ ಏಟು ಹುಟ್ಟೋದು ಇಲ್ಲೇ. ತಪ್ಪಿಸಿಕೊಂಡಿದ್ದೇ ಗುದ್ದಿನ ಮೊದಲರ್ಧ.

1986ರ ನವೆಂಬರ್ 22ರಂದು ಲಾಸ್ ವೇಗಸ್‌ನಲ್ಲಿ ಟೈಸನ್, ಆಗಿನ ಚಾಂಪಿಯನ್ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡಿನಲ್ಲೇ ಕೆಡವಿ, ಇಪ್ಪತ್ತನೇ ವಯಸ್ಸಿಗೆ ಚಾಂಪಿಯನ್ ಆದ. ಹೆವಿವೇಟ್‌ನಲ್ಲಿ ಅಷ್ಟು ಚಿಕ್ಕವನು ಇನ್ನೂ ಬಂದಿಲ್ಲ. ಎಡಗೈಯ ಒಂದೇ ಏಟಿಗೆ ಬರ್ಬಿಕ್ ಬಿದ್ದ, ಎದ್ದ, ತೂರಾಡಿ ಮತ್ತೆ ಬಿದ್ದ. ಗುರು ಡಿಅಮಾಟೊ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. 1988ರಲ್ಲಿ ಮೈಕಲ್ ಸ್ಪಿಂಕ್ಸ್ 91 ಸೆಕೆಂಡಿನಲ್ಲಿ ಮುಗಿದ. ನಮ್ಮ ಮಂಡಿಯಲ್ಲಿ ಒಂದು ಚೀಲ ತೂಕ ಮಾಡೋಷ್ಟು ಹೊತ್ತೂ ಇಲ್ಲ.

ಅದೇ ವರ್ಷ, ರಿಂಗಿನ ಮೂಲೆಯಲ್ಲಿ ನಿಂತು ನಂಬರ್ ಕೂಗಿ ಏಟು ಹೇಳಿಕೊಡುತ್ತಿದ್ದ ಕೋಚ್ ಕೆವಿನ್ ರೂನಿಯನ್ನು ಟೈಸನ್ ಬಿಟ್ಟ. ನನ್ನ ಲೆಕ್ಕದಲ್ಲಿ ಅವನು ಸೋತಿದ್ದು ಅವತ್ತೇ. ಟೋಕಿಯೋ ಫೈಟ್ ಈಗ ಮತ್ತೆ ನೋಡಿ. ಎದುರಾಳಿ ಬಸ್ಟರ್ ಡಗ್ಲಸ್ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಬಿಡುತ್ತಲೇ ಇದ್ದಾನೆ, ಟೈಸನ್ ತಲೆ ಕಂಬದ ಹಾಗೆ ನಿಂತಿದೆ. ನನ್ನ ಚೀಲಕ್ಕೂ ಸಿಗುತ್ತಿತ್ತು! ಕಣ್ಣು ಊದಿಕೊಂಡರೆ ಒತ್ತೋಕೆ ಬೇಕಾದ ತಣ್ಣನೆ ಲೋಹದ ತುಂಡು ಕೂಡ ಟೈಸನ್ ಕಡೆಯವರ ಹತ್ತಿರ ಇರಲಿಲ್ಲ. ರಬ್ಬರ್ ಗ್ಲೌಸಿಗೆ ಐಸ್ ನೀರು ತುಂಬಿ ಒತ್ತಿದರು. ಎಂಟನೇ ರೌಂಡಿನಲ್ಲಿ ಡಗ್ಲಸ್‌ನನ್ನು ಒಮ್ಮೆ ಕೆಡವಿದ್ದು ನಿಜ. ಹತ್ತನೇ ರೌಂಡಿನಲ್ಲಿ ತಾನೇ ಬಿದ್ದ. ಕೈಕಾಲೂರಿ ತಡಕಾಡಿ, ಹಲ್ಲಿನ ಗಾರ್ಡ್ ಎತ್ತಿ ಓರೆಯಾಗಿ ಬಾಯಿಗೆ ಸಿಕ್ಕಿಸಿಕೊಂಡ.

ಆಮೇಲಿನದ್ದು ಹೇಳೋಕೆ ನನಗೆ ಇಷ್ಟವಿಲ್ಲ. 1992ರಲ್ಲಿ ಅತ್ಯಾಚಾರದ ಅಪರಾಧಕ್ಕೆ ಜೈಲು, 1997ರಲ್ಲಿ ಎದುರಾಳಿ ಹೋಲಿಫೀಲ್ಡ್ ಕಿವಿ ಕಚ್ಚಿದ್ದು. ಆಟ ಮೆಚ್ಚುತ್ತೇನೆ, ಮನುಷ್ಯನನ್ನು ಹೊರಲಾರೆ.

ಚೀಲಕ್ಕೆ ಬರೋಣ. ಕ್ಯಾನ್ವಾಸ್ ಗಟ್ಟಿ, ಕೊಕ್ಕೆಯೂ ಪರವಾಗಿಲ್ಲ. ಹಗ್ಗ ಗಿಡ್ಡ, ಎತ್ತರದ ತಾರಸಿಗೆ ಸಾಲದು. ದೊಡ್ಡ ದೋಷ ಹೊಲಿಗೆ. ಮೂರನೇ ವಾರ ತಳ ಬಿಚ್ಚಿಕೊಂಡು ಕಾಳೆಲ್ಲ ಹಾಲ್ ತುಂಬ ಚೆಲ್ಲಿತು. ಅವ್ವ ಮೊರ ತಂದು ಬಳಿಯುತ್ತಾ "ಮಂಡೀಲಿ ಚೆಲ್ಲಿದ್ದು ಸಾಲ್ಲಿಲ್ವೇನೋ" ಅಂದಳು. ವಾಪಸ್ ತಗೊಳ್ಳಿ ಅಂದರೆ ಮಾರಿದವರ ಉತ್ತರ, "ಯೂಸ್ ಮಾಡಿದ್ದೀರಲ್ಲ ಸರ್." ಕೊನೆಗೆ ನಮ್ಮ ಹಮಾಲಿ ಅಣ್ಣ ದಬ್ಬಳ, ಸುತಳಿ ತಗೊಂಡು ಗೋಣಿಚೀಲದ ಬಾಯಿ ಹೊಲಿದ ಹಾಗೆ ಎರಡೇ ನಿಮಿಷದಲ್ಲಿ ಹೊಲಿದು ಕೊಟ್ಟ. ಎರಡು ತಿಂಗಳಾಯಿತು, ಒಂದು ಕಾಳೂ ಉದುರಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಆ ಅರ್ಧ ಹಮಾಲಿ ಅಣ್ಣನ ಹೊಲಿಗೆಗೆ.