ಫಾರ್ಮು, ಕಾರ್ಡು, ಸ್ಲೇಟು: ಇಡೀ ತರಗತಿಗೆ ಒಂದೇ ಪ್ರಶ್ನೆ ಕೇಳುವ ಮೂರು ದಾರಿ

ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕೈ ಎತ್ತುವವರು ಯಾವಾಗಲೂ ಅದೇ ನಾಲ್ಕೈದು ಮಂದಿ. ಉಳಿದವರ ತಲೆಯಲ್ಲಿ ಏನಿದೆ ಎಂಬುದು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕುಳಿತಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಪಾಠ ಎರಡು ಅಧ್ಯಾಯ ಮುಂದೆ ಓಡಿರುತ್ತದೆ. ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಇದಕ್ಕೆ ಮೂರು ದಾರಿಗಳನ್ನು ಹತ್ತನೆಯ ತರಗತಿಯಲ್ಲಿ ಬಳಸಿ ನೋಡಿದ್ದೇನೆ: ಅಂತರಜಾಲದಲ್ಲಿ ಉತ್ತರ ತುಂಬುವ ಗೂಗಲ್ ಫಾರ್ಮ್ಸ್, ಪ್ಲಿಕರ್ಸ್ ಎಂಬ ಕಾಗದದ ಕಾರ್ಡು ಮತ್ತು ಹಳೆಯ ಸ್ಲೇಟು. ನನ್ನ ಅಳತೆಗೋಲು ಒಂದೇ. ಕೊನೆಯ ಬೆಂಚಿನ ಹುಡುಗಿಗೆ ಏನು ತಿಳಿದಿಲ್ಲ ಎಂಬುದು ಪಾಠ ನಡೆಯುತ್ತಿರುವಾಗಲೇ ನನಗೆ ತಿಳಿಯಬೇಕು, ಪಕ್ಕದವಳಿಗೆ ತಿಳಿಯಬಾರದು.

ಫಾರ್ಮ್ಸ್ ನಮ್ಮ ಕೈಗೆ ಬಂದಿದ್ದು ಕೋವಿಡ್ ಕಾಲದಲ್ಲಿ. 2021ರ ಜುಲೈನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯೇ ಎರಡು ದಿನಗಳ ಬಹುಆಯ್ಕೆ ಪರೀಕ್ಷೆಯಾಗಿ, ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಗೆ ಇಳಿದಾಗ, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫಾರ್ಮುಗಳ ಸುರಿಮಳೆಯಾಯಿತು. ಅಂಕವನ್ನು ತಾನೇ ಲೆಕ್ಕ ಹಾಕುತ್ತದೆ, ಯಾವ ಪ್ರಶ್ನೆಗೆ ಎಷ್ಟು ಮಂದಿ ಎಡವಿದರು ಎಂಬುದನ್ನು ಚಿತ್ರವಾಗಿ ತೋರಿಸುತ್ತದೆ. ಇಷ್ಟು ಚಂದದ ಸಾಧನ ನನ್ನ ಅಳತೆಗೋಲಿಗೆ ಮಾತ್ರ ನಿಲುಕಲಿಲ್ಲ. ಮನೆಗೆ ಕಳುಹಿಸಿದರೆ ಮೊಬೈಲ್ ಅಪ್ಪನ ಜೇಬಿನಲ್ಲಿ ತೋಟದಲ್ಲಿರುತ್ತದೆ. ಅಡಿಕೆ ಸುಗ್ಗಿಯಲ್ಲಂತೂ ಅಪ್ಪ, ಅಮ್ಮ, ಮಗು, ಮೊಬೈಲ್ ಎಲ್ಲವೂ ರಾತ್ರಿಯವರೆಗೆ ಸುಲಿಯುವ ಜಾಗದಲ್ಲೇ. ಕೊನೆಗೂ ಬಂದ ಉತ್ತರಗಳು ಸ್ನೇಹಿತರ ಗುಂಪನ್ನು ಸುತ್ತಿ ಬಂದಿರುತ್ತವೆ. ತಪ್ಪು ಕೂಡ ಎಲ್ಲರದೂ ಒಂದೇ ಆಗಿರುವುದರಿಂದ ಅದನ್ನು ಪತ್ತೆ ಮಾಡಲು ಪತ್ತೇದಾರಿಕೆ ಬೇಕಿಲ್ಲ. ಶಾಲೆಯ ಕಂಪ್ಯೂಟರ್ ಕೊಠಡಿಗೆ ಕರೆದೊಯ್ದರೆ ಒಂದು ಯಂತ್ರಕ್ಕೆ ಮೂವರು. ಮೌಸ್ ಹಿಡಿದವನೇ ಉತ್ತರಿಸುತ್ತಾನೆ, ಇಬ್ಬರು ನೋಡುತ್ತಾರೆ.

ಕಾರ್ಡುಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ಲಿಕರ್ಸ್‌ನಲ್ಲಿ ಮಕ್ಕಳ ಕೈಗೆ ಯಾವ ಯಂತ್ರವೂ ಬೇಡ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆಯ ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ವಿನ್ಯಾಸ, ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ತಿರುಗಿಸಿ ಹಿಡಿದರೆ ಆಯಿತು. ನಾನು ನನ್ನ ಮೊಬೈಲಿನಲ್ಲಿ ಪ್ಲಿಕರ್ಸ್ ಆ್ಯಪ್ ತೆರೆದು ಅದರ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸುತ್ತೇನೆ. ಯಾರು ಏನು ಹಿಡಿದಿದ್ದಾರೆ ಎಂಬುದು ಹೆಸರಿನ ಸಮೇತ ಮೊಬೈಲ್ ಪರದೆಗೆ ಬರುತ್ತದೆ. ಪ್ರತಿ ಕಾರ್ಡಿನ ವಿನ್ಯಾಸವೂ ಬೇರೆ, ಅಕ್ಷರಗಳು ತೀರಾ ಸಣ್ಣವು, ಆದ್ದರಿಂದ ಪಕ್ಕದವರ ಕಾರ್ಡು ನೋಡಿ ತಿರುಗಿಸುವ ಉಪಾಯ ಫಲಿಸುವುದಿಲ್ಲ. ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ, ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಸಾಕು. ಕರೆಂಟು ಹೋದರೂ ಕಿಟಕಿಯ ಬೆಳಕು ಇದ್ದರೆ ಕೆಲಸ ಸಾಗುತ್ತದೆ. ದಾವಣಗೆರೆಯಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡು ಬನ್ನಿ, ಆದರೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದಲಾರದು. ಬೆರಳು ವಿನ್ಯಾಸವನ್ನು ಮುಚ್ಚಿದರೂ ಅಷ್ಟೇ.

ಈ ಕಾರ್ಡುಗಳು ನನ್ನ ಪ್ರಶ್ನೆಗಳ ಬಡತನವನ್ನು ಬಯಲಿಗಿಟ್ಟವು. ವಿದ್ಯುತ್ ಪ್ರವಾಹದ ಏಕಮಾನ ಯಾವುದು ಎಂದು ಕೇಳಿದರೆ ಬಹುತೇಕ ಎಲ್ಲರೂ ಸರಿ, ಅಂದರೆ ನನಗೆ ಸಿಕ್ಕ ಮಾಹಿತಿ ಸೊನ್ನೆ. ಅದೇ ವಿದ್ಯುಚ್ಛಕ್ತಿ ಅಧ್ಯಾಯದಲ್ಲಿ ಹೀಗೆ ಕೇಳಿ ನೋಡಿ: ಒಂದು ವಿದ್ಯುತ್ ಕೋಶ, ಒಂದು ಬಲ್ಬು, ಸರಳ ಮಂಡಲ, ಬಲ್ಬಿನ ಒಳಹೋಗುವ ತಂತಿಯಲ್ಲಿ ಪ್ರವಾಹ ಹೆಚ್ಚೋ, ಹೊರಬರುವ ತಂತಿಯಲ್ಲೋ, ಎರಡರಲ್ಲೂ ಸಮವೋ, ಅಥವಾ ಹೊರಬರುವಲ್ಲಿ ಪ್ರವಾಹವೇ ಇಲ್ಲವೋ? ನೂರಕ್ಕೆ ತೊಂಬತ್ತು ತೆಗೆಯುವ ಮಕ್ಕಳೂ ಇಲ್ಲಿ ಬೀಳುತ್ತಾರೆ. ಬಲ್ಬು ಪ್ರವಾಹವನ್ನು ಖರ್ಚು ಮಾಡಿಬಿಡುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ ಎಂಬ ವಾಕ್ಯವನ್ನು ಅವರು ನೋಟ್ಸಿನಲ್ಲಿ ಬರೆದೇ ಇರುತ್ತಾರೆ! ಹಾಗಾಗಿ ನನ್ನ ಶ್ರಮವೀಗ ಸರಿಯುತ್ತರಕ್ಕಿಂತ ಹೆಚ್ಚಾಗಿ ಮೂರು ತಪ್ಪು ಉತ್ತರಗಳನ್ನು ಬರೆಯುವುದರ ಮೇಲೆ. ಒಂದೊಂದು ತಪ್ಪಿನ ಹಿಂದೆಯೂ ಮಗು ನಿಜಕ್ಕೂ ನಂಬಿರುವ ಒಂದು ತರ್ಕ ಇರಬೇಕು.

ಉತ್ತರ ಸಿಕ್ಕ ಮೇಲೆ ಏನು ಮಾಡಬೇಕು ಎಂಬುದಕ್ಕೆ ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿ ನನಗೆ ಒದಗಿತು. ಸರಿಯುತ್ತರ ಸುಮಾರು ಶೇ 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಮಾಡು. ಶೇ 70 ದಾಟಿದರೆ ಚಿಕ್ಕ ವಿವರಣೆ ಕೊಟ್ಟು ಮುಂದೆ ಹೋಗು. ನಡುವೆ ಇದ್ದರೆ ಉತ್ತರ ಹೇಳಬೇಡ, ಪಕ್ಕದವರೊಂದಿಗೆ ವಾದಿಸಲು ಬಿಟ್ಟು ಮತ್ತೆ ಕೇಳು. ಆ ಮಧ್ಯದ ವಾದದಲ್ಲಿ ನನ್ನ ತರಗತಿ ಸಂತೆಯಾಗುತ್ತದೆ. ಪಕ್ಕದ ಕೊಠಡಿಯ ಸಹೋದ್ಯೋಗಿಗಳ ಮುಖ ಸಿಂಡರಿಸುವುದೂ ಉಂಟು. ನಾನು ಲೆಕ್ಕಿಸುವುದಿಲ್ಲ. ಬಲ್ಬಿನ ಪ್ರಶ್ನೆಗೆ ಎರಡನೆಯ ಸಲ ಎದ್ದ ಕಾರ್ಡುಗಳಲ್ಲಿ ಸರಿಯುತ್ತರ ಏರುವುದನ್ನು ನೋಡಿದ ಮೇಲೆ ಗದ್ದಲದ ಬಗ್ಗೆ ನನಗಿದ್ದ ಅಳುಕು ಹೋಗಿದೆ.

ಸ್ಲೇಟನ್ನು ಗೇಲಿ ಮಾಡುವವರು ಕಾರ್ಡಿನ ಒಂದು ಮಿತಿಯನ್ನು ಮರೆಯುತ್ತಾರೆ: ಕಾರ್ಡು ಆರಿಸಬಲ್ಲದು, ಬರೆಯಲಾರದು. ನಿಮ್ನ ದರ್ಪಣದ ಮುಂದೆ ವಸ್ತುವನ್ನಿಟ್ಟು ಕಿರಣಚಿತ್ರ ಬಿಡಿಸಿ ಎಂದರೆ ನಾಲ್ಕು ಆಯ್ಕೆಗಳಿಂದ ಏನು ಪ್ರಯೋಜನ? ಕಾದ ಕಬ್ಬಿಣ ಮತ್ತು ಹಬೆಯ ಸಮೀಕರಣವನ್ನು ಸರಿದೂಗಿಸಲು ಹೇಳಿ, ಸಹಗುಣಕಗಳನ್ನಷ್ಟೇ, ಅಂದರೆ ಪ್ರತಿ ವಸ್ತುವಿನ ಮುಂದಿನ ಸಂಖ್ಯೆಗಳನ್ನಷ್ಟೇ, ಬರೆದು ಎತ್ತಿ ಎಂದರೆ ಸರಿಯಾಗಿ 3, 4, 1, 4 ಬರೆದವರು, ತಪ್ಪಾಗಿ 3, 4, 1, 2 ಬರೆದವರು ಒಂದೇ ನೋಟಕ್ಕೆ ಸಿಗುತ್ತಾರೆ. ಜಲಜನಕವನ್ನು ಎಣಿಸಲು ಮರೆತವರು ಎರಡನೆಯವರು. ಊಹೆಗೆ ಇಲ್ಲಿ ಜಾಗವೇ ಇಲ್ಲ. ಆದರೆ ಸ್ಲೇಟು ಗುಟ್ಟು ಕಾಯುವುದಿಲ್ಲ, ದಾಖಲೆ ಇಡುವುದಿಲ್ಲ, ನಲವತ್ತು ಸ್ಲೇಟು ಒಟ್ಟಿಗೆ ಎದ್ದಾಗ ನನ್ನ ಕಣ್ಣು ಮೊದಲ ಮೂರು ಸಾಲು ದಾಟುವುದೂ ಕಷ್ಟ. ಹತ್ತನೆಯ ತರಗತಿಯ ಹುಡುಗರಿಗೆ ಸ್ಲೇಟು ಹಿಡಿಯಲು ಮೊದಲಿಗೆ ನಾಚಿಕೆ. ಅದು ಬೇಗ ಹೋಗುತ್ತದೆ. ಸೀಮೆಸುಣ್ಣದ ಧೂಳು ಹೋಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಬೇಕು ಎನ್ನುತ್ತದೆ. ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾದಲ್ಲಿ ಕೋರ್ಸು ಮುಗಿಸಿ ಪ್ರಮಾಣಪತ್ರ ಇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಅವು ವ್ಯರ್ಥ ಎನ್ನಲಾರೆ. ಆದರೆ ನಾನು ಕುಳಿತ ತರಬೇತಿಗಳಲ್ಲಿ ಆ್ಯಪಿನಲ್ಲಿ ಯಾವ ಗುಂಡಿ ಒತ್ತಬೇಕು ಎಂದು ತೋರಿಸಲು ಹೋದ ಹೊತ್ತಿನ ಕಾಲುಭಾಗವೂ ಒಂದು ಒಳ್ಳೆಯ ತಪ್ಪು ಆಯ್ಕೆ ಬರೆಯುವುದು ಹೇಗೆ ಎಂಬುದಕ್ಕೆ ಹೋಗಲಿಲ್ಲ. ಮೊಬೈಲ್ ಹಾಯಿಸುವುದನ್ನು ಕಾಲುಗಂಟೆಯಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಪ್ರಶ್ನೆ ಬರೆಯುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಈಗ ನನ್ನ ಹಂಚಿಕೆ ಹೀಗಿದೆ. ವಿದ್ಯುಚ್ಛಕ್ತಿ, ಅನುವಂಶೀಯತೆಯಂತಹ, ತಪ್ಪು ನಂಬಿಕೆಗಳು ತುಂಬಿರುವ ಅಧ್ಯಾಯಗಳಿಗೆ ಕಾರ್ಡು. ಬೆಳಕು, ರಾಸಾಯನಿಕ ಸಮೀಕರಣಗಳಿಗೆ ಸ್ಲೇಟು. ಫಾರ್ಮನ್ನು ಕೈಬಿಟ್ಟಿಲ್ಲ: ಆಯ್ಕೆಗಳಿಲ್ಲದ, ‘ಏಕೆ?’ ಎಂದಷ್ಟೇ ಕೇಳುವ ಒಂದು ಪ್ರಶ್ನೆಯನ್ನು ಪುನರಾವರ್ತನೆಯ ಕಾಲದಲ್ಲಿ ಕಳುಹಿಸುತ್ತೇನೆ. ಮೊಬೈಲಿಗೆ ಮಾತಾಡಿ ಕನ್ನಡದಲ್ಲಿ ಬರೆಸಲು ಮಕ್ಕಳಿಗೆ ಬರುತ್ತದೆ, ಗಡುವು ಒಂದು ವಾರ, ಆಮೇಲೆ ಬಂದರೂ ಓದುತ್ತೇನೆ. ಹೊಸದಾಗಿ ಶುರು ಮಾಡುವವರು ಕೇಳಿದರೆ ಮೊದಲು ಸ್ಲೇಟನ್ನೇ ಕೈಗೆತ್ತಿಕೊಳ್ಳಿ ಎನ್ನುತ್ತೇನೆ. ಮಕ್ಕಳು ತಾವಾಗಿಯೇ ಬರೆದ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರೆ ಮುಂದಿನ ವರ್ಷದ ಕಾರ್ಡಿಗೆ ಬಿ, ಸಿ, ಡಿ ಅಲ್ಲೇ ಸಿದ್ಧವಾಗಿರುತ್ತವೆ.